ಅಮ್ಮನನ್ನು ಹಾಸ್ಪೈಸ್‌ಗೆ ಸೇರಿಸಿದರೆ ಕೈಬಿಟ್ಟಂತಾಗುವುದೇ?

ಪ್ರಶ್ನೆ: ಡಾಕ್ಟರೇ, ನಾವು ಅರಸೀಕೆರೆ ಕಡೆಯವರು. ನನ್ನ ತಾಯಿಗೆ 63 ವರ್ಷ. ಮದುವೆಯಾದಾಗಿನಿಂದ ಎಲೆ-ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿತ್ತು. ಎರಡು ವರ್ಷದ ಹಿಂದೆ ಎಡಗೆನ್ನೆಯ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದೆವು, ರೇಡಿಯೇಷನ್ ಕೂಡ ಆಯಿತು. ಈಗ ಮತ್ತೆ ಬಂದಿದೆ. ಕೆನ್ನೆಯ ಹೊರಗೆ ಗಾಯ ಒಡೆದಿದೆ, ವಾಸನೆ ಬರುತ್ತದೆ, ಮೂಗಿನ ಟ್ಯೂಬಿನಲ್ಲಿ ಗಂಜಿ ಕೊಡುತ್ತಿದ್ದೇವೆ. ನೋವಿನ ಔಷಧ ಟ್ರಮಡಾಲ್ ಕೊಟ್ಟರೂ ರಾತ್ರಿಯಿಡೀ ನರಳುತ್ತಾರೆ. ‘ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ’ ಎಂದು ವೈದ್ಯರು ಕಳುಹಿಸಿದರು. ಅಲ್ಲಿದ್ದ ನರ್ಸ್ ಒಬ್ಬರು ಹಾಸ್ಪೈಸ್ ಎಂಬ ಮಾತು ಹೇಳಿದರು. ಅಣ್ಣ ಅದನ್ನು ಕೇಳಿ, ‘ಹೆತ್ತ ತಾಯಿಯನ್ನು ಅನಾಥಾಶ್ರಮಕ್ಕೆ ಹಾಕಿದರು ಅಂತ ಊರವರು ಉಗಿಯುತ್ತಾರೆ, ತೆಂಗಿನ ತೋಟ ಮಾರಿಯಾದರೂ ದೊಡ್ಡ ಆಸ್ಪತ್ರೆಗೆ ಸೇರಿಸೋಣ’ ಎನ್ನುತ್ತಿದ್ದಾನೆ. ಅಲ್ಲಿ ಮಾರ್ಫಿನ್ ಕೊಟ್ಟು ಬೇಗ ಸಾಯಿಸುತ್ತಾರೆ ಎಂದು ಸೋದರಮಾವ ಹೇಳುತ್ತಾರೆ. ಅಮ್ಮನಿಗೆ ನಾವು ಏನೂ ಹೇಳಿಲ್ಲ. ‘ಯಾವಾಗ ವಾಸಿಯಾಗುತ್ತೆ’ ಎಂದು ಸ್ಲೇಟಿನ ಮೇಲೆ ಬರೆದು ಕೇಳುತ್ತಾರೆ. ನಡುನಡುವೆ ಎಲೆ-ಅಡಿಕೆಯನ್ನೂ ಕೇಳುತ್ತಾರೆ. ಕೊಡಬಹುದೇ? ಹಾಸ್ಪೈಸ್ ಎಂದರೆ ಏನು, ಎಲ್ಲಿದೆ, ಅಲ್ಲಿಗೆ ಸೇರಿಸಿದರೆ ನಾನು ಅಮ್ಮನನ್ನು ಕೈಬಿಟ್ಟಂತೆ ಆಗುವುದಿಲ್ಲವೇ?

ಉತ್ತರ:

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳೆಲ್ಲದರ ಕೆಳಗೆ ಹರಿಯುತ್ತಿರುವುದು ಕೊನೆಯ ಸಾಲಿನ ಭಯವೇ. ಅದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ: ಇಲ್ಲ, ಕೈಬಿಟ್ಟಂತೆ ಆಗುವುದಿಲ್ಲ. ಆದರೆ ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಅಣ್ಣನವರಾಗಲಿ ಸೋದರಮಾವನವರಾಗಲಿ ಒಪ್ಪುವುದಿಲ್ಲ ಎಂಬುದೂ ನನಗೆ ಗೊತ್ತು. ಅವರ ಮಾತುಗಳಲ್ಲಿ ತಪ್ಪು ತಿಳಿವಳಿಕೆ ಇರಬಹುದು, ಕೆಟ್ಟ ಉದ್ದೇಶವಿಲ್ಲ. ಆದ್ದರಿಂದ ಈ ಉತ್ತರವನ್ನು ನೀವು ಮೂವರೂ ಒಟ್ಟಿಗೆ ಕುಳಿತು ಓದುವಿರೆಂದು ಭಾವಿಸಿಯೇ ಬರೆಯುತ್ತಿದ್ದೇನೆ.

‘ಇನ್ನು ಮಾಡುವಂಥದ್ದೇನೂ ಇಲ್ಲ’ ಎಂಬ ವಾಕ್ಯದಿಂದಲೇ ತೊಂದರೆ ಶುರುವಾಗಿದೆ. ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಹಾನಿ ಮಾಡಿದ ವಾಕ್ಯ ಅದು. ಕ್ಯಾನ್ಸರನ್ನು ಬೇರುಸಹಿತ ಕೀಳಲು ಮಾಡುವಂಥದ್ದು ಉಳಿದಿಲ್ಲ ಎಂಬುದು ಅದರ ನಿಜವಾದ ಅರ್ಥ. ನೋವಿಗೆ, ಗಾಯದ ವಾಸನೆಗೆ, ನಿದ್ದೆಗೆಟ್ಟ ರಾತ್ರಿಗಳಿಗೆ, ಮಲಬದ್ಧತೆಗೆ, ಭಯಕ್ಕೆ ಮಾಡಬೇಕಾದದ್ದು ಇನ್ನೂ ಬೇಕಾದಷ್ಟಿದೆ; ಅದನ್ನು ಮಾಡುವ ವೈದ್ಯಶಾಖೆಯನ್ನೇ ಉಪಶಮನ ಆರೈಕೆ ಅಥವಾ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಅದನ್ನು ರೋಗ ಪತ್ತೆಯಾದ ದಿನದಿಂದಲೇ, ಉಳಿದ ಚಿಕಿತ್ಸೆಯ ಜೊತೆಯಲ್ಲಿಯೇ ಕೊಡಬಹುದು. ಬದುಕಿನ ಕೊನೆಯ ವಾರಗಳಲ್ಲೋ ತಿಂಗಳುಗಳಲ್ಲೋ ಅದೇ ಆರೈಕೆಯನ್ನು ಪೂರ್ಣಾವಧಿಯಾಗಿ ಕೊಡುವ ವ್ಯವಸ್ಥೆ ಹಾಸ್ಪೈಸ್. ಅದು ಹಾಸಿಗೆಗಳಿರುವ ಕಟ್ಟಡವೇ ಆಗಬೇಕೆಂದಿಲ್ಲ, ಮನೆಗೆ ಬಂದು ಹೋಗುವ ನರ್ಸ್ ಮತ್ತು ವೈದ್ಯರ ತಂಡವೂ ಹಾಸ್ಪೈಸ್ ಕೆಲಸವನ್ನೇ ಮಾಡುತ್ತದೆ.

ಇನ್ನು ಅನಾಥಾಶ್ರಮದ ಮಾತು. ಈ ಕಲ್ಪನೆಯ ಆಧುನಿಕ ರೂಪ ಶುರುವಾದದ್ದು 1967ರಲ್ಲಿ ಲಂಡನ್‌ನಲ್ಲಿ, ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್‌ನಿಂದ. ಭಾರತದ ಮೊದಲ ಹಾಸ್ಪೈಸ್ ಆದ ಶಾಂತಿ ಆವೇದನಾ ಸದನ 1986ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯವನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿ, ಮೊದಲು ಮನೆ ಮನೆಗೆ ಹೋಗಿ ಆರೈಕೆ ಮಾಡಿ, 1999ರಲ್ಲಿ ಮಾರತ್ತಹಳ್ಳಿ ಬಳಿ ಒಳರೋಗಿಗಳ ಕಟ್ಟಡವನ್ನು ತೆರೆಯಿತು. ‘ಆಶ್ರಯ’, ‘ಸದನ’ ಎಂಬ ಹೆಸರುಗಳೇ ಜನರಿಗೆ ವೃದ್ಧಾಶ್ರಮವನ್ನು ನೆನಪಿಸುತ್ತವೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆದರೆ ವೃದ್ಧಾಶ್ರಮದಲ್ಲಿ ನೋಡಿಕೊಳ್ಳುವವರಿಲ್ಲದವರು ಇರುತ್ತಾರೆ. ಹಾಸ್ಪೈಸ್‌ನಲ್ಲಿ ಮನೆಯವರಿಂದ ಮಾತ್ರ ನೋಡಿಕೊಳ್ಳಲಾಗದಷ್ಟು ಕಾಯಿಲೆ ಇರುವವರು ಇರುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡ ವ್ಯತ್ಯಾಸ. ಹೆರಿಗೆಗೆ ಮಗಳನ್ನು ಆಸ್ಪತ್ರೆಗೆ ಸೇರಿಸಿದವರನ್ನು ಯಾರೂ ‘ಮಗಳನ್ನು ಕೈಬಿಟ್ಟರು’ ಎನ್ನುವುದಿಲ್ಲ.

ಜನರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿ: ಹಾಸ್ಪೈಸ್‌ಗೆ ಹೋದವರೆಲ್ಲ ಅಲ್ಲಿಯೇ ಸಾಯುವುದಿಲ್ಲ. ನೋವನ್ನು ಹತೋಟಿಗೆ ತಂದು, ಗಾಯ ತೊಳೆಯುವುದನ್ನು ಮನೆಯವರಿಗೆ ಕಲಿಸಿ, ಹತ್ತು ಹದಿನೈದು ದಿನಗಳಲ್ಲಿ ಮನೆಗೆ ಕಳುಹಿಸಿದ ರೋಗಿಗಳು ನನ್ನ ಅನುಭವದಲ್ಲಿ ಬಹಳ ಮಂದಿ. ಕೆಲವರು ಎರಡು ಮೂರು ಸಲ ಬಂದು ಹೋಗುತ್ತಾರೆ. ಹಾಗಾಗಿ ‘ಮನೆಯೋ ಹಾಸ್ಪೈಸೋ’ ಎಂದು ಒಂದೇ ಸಲಕ್ಕೆ ತೀರ್ಮಾನಿಸುವ ಅಗತ್ಯವೇ ನಿಮಗಿಲ್ಲ.

ಈಗ ಮಾರ್ಫಿನ್, ಅಂದರೆ ಅಫೀಮಿನಿಂದ ತಯಾರಾಗುವ ಪ್ರಬಲ ನೋವಿನ ಔಷಧದ ಮಾತು. ನಿಮ್ಮ ಸೋದರಮಾವನವರು ಹೇಳುವುದು ಅವರೊಬ್ಬರ ಮಾತಲ್ಲ. ಊರೂರಿನಲ್ಲಿ ಅದನ್ನು ‘ಕೊನೆಯ ಮದ್ದು’ ಎನ್ನುತ್ತಾರೆ, ಎಷ್ಟೋ ವೈದ್ಯರೂ ಹಾಗೆಯೇ ತಿಳಿದಿದ್ದಾರೆ. ಈ ನಂಬಿಕೆ ಹುಟ್ಟಿದ ಬಗೆಯನ್ನು ಗಮನಿಸಿ. ರೋಗಿ ತಿಂಗಳುಗಟ್ಟಲೆ ನರಳುತ್ತಾರೆ, ಯಾರೂ ಮಾರ್ಫಿನ್ ಕೊಡುವುದಿಲ್ಲ. ಸಾವಿಗೆ ಎರಡು ದಿನ ಉಳಿದಾಗ ಕೊಡುತ್ತಾರೆ. ಮೂರನೆಯ ದಿನ ಅವರು ತೀರಿಕೊಳ್ಳುತ್ತಾರೆ. ಕಂಡವರು ಮದ್ದನ್ನು ದೂರುತ್ತಾರೆ. ತಡಮಾಡಿದ್ದರಿಂದ ಹುಟ್ಟಿದ ಅಪವಾದ ಮತ್ತಷ್ಟು ತಡಮಾಡಲು ಕಾರಣವಾಗುತ್ತದೆ. ವಾಸ್ತವದಲ್ಲಿ ಬಾಯಿಯ ಮೂಲಕ ಅಥವಾ ಟ್ಯೂಬಿನ ಮೂಲಕ ಕೊಡುವ ಮಾರ್ಫಿನ್ ಮೇಲೆ ತಿಂಗಳುಗಳ ಕಾಲ, ಕೆಲವರು ವರ್ಷದ ಮೇಲೆಯೂ ಬದುಕಿರುತ್ತಾರೆ. ನೋವು ಇಳಿದಾಗ ನಿದ್ದೆ ಬಂದು, ಆಹಾರ ಸೇರಿ, ಎದ್ದು ಅಂಗಳಕ್ಕೆ ಬರುವವರೂ ಇದ್ದಾರೆ.

ಉಸಿರು ನಿಲ್ಲುತ್ತದೆ ಎಂಬ ಭಯ ಸಂಪೂರ್ಣ ಆಧಾರರಹಿತವಲ್ಲ. ನೋವಿಲ್ಲದವರಿಗೆ ಒಮ್ಮೆಗೇ ದೊಡ್ಡ ಪ್ರಮಾಣದ ಇಂಜೆಕ್ಷನ್ ಕೊಟ್ಟರೆ ಉಸಿರಾಟ ಕುಗ್ಗುವುದು ನಿಜ. ಆದರೆ ತರಬೇತಿ ಪಡೆದ ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡುತ್ತ, ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸುವಾಗ ಅದು ತೀರ ಅಪರೂಪ. ಮೂತ್ರಪಿಂಡ ಸರಿಯಿಲ್ಲದವರಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಆದ್ದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ತಾಯಿಯವರ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ಜೊತೆಗೆ ಒಯ್ಯಿರಿ. ಮೊದಲ ಎರಡು ಮೂರು ದಿನ ಮಂಪರು, ಸ್ವಲ್ಪ ವಾಕರಿಕೆ ಇರಬಹುದು, ಅದು ತಾನಾಗಿಯೇ ಇಳಿಯುತ್ತದೆ. ಇಳಿಯದೆ ಉಳಿಯುವುದು ಮಲಬದ್ಧತೆ. ಮಾರ್ಫಿನ್ ಬರೆದು ಜೊತೆಗೆ ಮಲ ಸಡಿಲಿಸುವ ಔಷಧ ಬರೆಯದಿದ್ದರೆ ಆ ಚೀಟಿ ಅರ್ಧವೇ ಎಂದು ನಾನು ಕಿರಿಯ ವೈದ್ಯರಿಗೆ ಹೇಳುವುದುಂಟು. ಟ್ಯೂಬ್ ಇರುವ ತಾಯಿಯವರಿಗೆ ಲ್ಯಾಕ್ಟುಲೋಸ್‌ನಂಥ ಸಿರಪ್ ಅನುಕೂಲ. ಚಟ ಹಿಡಿಯುತ್ತದೆಯೇ ಎಂದರೆ, ಕ್ಯಾನ್ಸರ್ ನೋವಿಗೆ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಚಟದ ಸಮಸ್ಯೆ ಬಹಳ ವಿರಳ. ದೇಹ ಅದಕ್ಕೆ ಒಗ್ಗಿಕೊಳ್ಳುವುದು ಬೇರೆ, ಹಾಗಾಗಿ ಒಮ್ಮೆಗೇ ನಿಲ್ಲಿಸಬಾರದು ಅಷ್ಟೆ. ಟ್ಯೂಬಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಬೇಗ ಕರಗುವ ಸಾಧಾರಣ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬಹುದು, ಹನ್ನೆರಡು ಗಂಟೆ ಕೆಲಸ ಮಾಡುವ ನಿಧಾನದ ಮಾತ್ರೆಯನ್ನು ಎಂದಿಗೂ ಪುಡಿ ಮಾಡಕೂಡದು, ಮಾಡಿದರೆ ಅರ್ಧ ದಿನದ ಔಷಧವೆಲ್ಲ ಒಟ್ಟಿಗೆ ದೇಹಕ್ಕೆ ಇಳಿಯುತ್ತದೆ.

ಟ್ರಮಡಾಲ್‌ನಿಂದ ನೋವು ಇಳಿಯದಿದ್ದಾಗ ಮುಂದಿನ ಮೆಟ್ಟಿಲು ಮಾರ್ಫಿನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಷ್ಟು ಹಿಂದೆಯೇ ಹೇಳಿದೆ. ಹಾಗಿದ್ದರೂ ನಿಮ್ಮೂರಿನ ಮೆಡಿಕಲ್ ಸ್ಟೋರಿನಲ್ಲಿ ಅದು ಏಕೆ ಸಿಗುವುದಿಲ್ಲ? 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಕಟ್ಟುಪಾಡುಗಳಿಂದ ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಅಲೆಯಬೇಕಾಗಿತ್ತು, ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯುವುದನ್ನೇ ಕಲಿಯಲಿಲ್ಲ. 2014ರ ತಿದ್ದುಪಡಿಯಿಂದ ದಾರಿ ಸುಗಮವಾಗಿದೆ. ಮಾನ್ಯತೆ ಪಡೆದ ಸಂಸ್ಥೆಗಳು ಅದನ್ನು ಇಟ್ಟುಕೊಂಡು ತಮ್ಮ ರೋಗಿಗಳಿಗೆ ಕೊಡಬಹುದು. ಆದರೂ ಅಂಥ ಸಂಸ್ಥೆಗಳು ಇನ್ನೂ ಮುಖ್ಯವಾಗಿ ದೊಡ್ಡ ಊರುಗಳಲ್ಲಿಯೇ ಇವೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಸರ್ಕಾರದ ಅನುಮತಿಯಿಂದಲೇ ಗಸಗಸೆ ಬೆಳೆದು, ಅದರ ಅಫೀಮನ್ನು ಹೊರದೇಶಗಳ ಔಷಧ ತಯಾರಕರಿಗೂ ಮಾರುವ ದೇಶದ ಹೆಣ್ಣುಮಗಳೊಬ್ಬಳು ಅರಸೀಕೆರೆಯಲ್ಲಿ ಮಾರ್ಫಿನ್ ಇಲ್ಲದೆ ನರಳುತ್ತಿದ್ದಾಳೆ ಎಂಬುದು ನನಗೆ ಪ್ರತಿ ಸಲವೂ ಚುಚ್ಚುತ್ತದೆ.

ಗಾಯದ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಆದರೆ ಕೆನ್ನೆಯ ಕ್ಯಾನ್ಸರ್ ಇರುವ ಮನೆಗಳಲ್ಲಿ ಬದುಕನ್ನು ಅತಿ ಹೆಚ್ಚು ಕಷ್ಟವಾಗಿಸುವುದು ವಾಸನೆಯೇ. ನೆಂಟರು ಬಾಗಿಲಲ್ಲಿಯೇ ನಿಂತು ಮಾತಾಡಿಸಿ ಹೊರಡುತ್ತಾರೆ, ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ರೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಇದಕ್ಕೆ ಕಾರಣ, ರಕ್ತ ಸರಿಯಾಗಿ ತಲುಪದ ಗಡ್ಡೆಯ ಭಾಗ ಕೊಳೆತು, ಆಮ್ಲಜನಕವಿಲ್ಲದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸುವುದು. ಅವುಗಳನ್ನು ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ, ಗಾಯವನ್ನು ಉಪ್ಪುನೀರಿನಿಂದ ತೊಳೆದ ಮೇಲೆ ಉದುರಿಸುವುದು ನಮ್ಮ ದೇಶದ ಉಪಶಮನ ಆರೈಕೆಯ ನರ್ಸ್‌ಗಳು ನಿತ್ಯ ಮಾಡುವ, ತೀರ ಅಗ್ಗದ ಉಪಾಯ. ನೀರು ಕುದಿಸಿ ಆರಿಸಿ, ಲೀಟರಿಗೆ ಎರಡು ಟೀ ಚಮಚೆಯಷ್ಟು ಉಪ್ಪು ಹಾಕಿದರೆ ಸಾಕು. ಎಷ್ಟು ಮಾತ್ರೆ, ದಿನಕ್ಕೆ ಎಷ್ಟು ಸಲ ಎಂಬುದನ್ನು ಗಾಯ ನೋಡಿದವರು ಹೇಳಬೇಕು. ಹಳೆಯ ಬಟ್ಟೆ ಒಣಗಿ ಅಂಟಿಕೊಂಡಿದ್ದರೆ ಎಳೆಯಬೇಡಿ. ನೀರು ಬಿಟ್ಟು ನೆನೆಸಿ ತೆಗೆಯಿರಿ, ಇಲ್ಲವಾದರೆ ರಕ್ತ ಬರುತ್ತದೆ. ಬ್ಯಾಂಡೇಜ್ ಬಿಚ್ಚುವ ಅರ್ಧ ಗಂಟೆಗೆ ಮೊದಲು ನೋವಿನ ಔಷಧ ಕೊಟ್ಟಿರಿ.

ಇಂಥ ಗಾಯಕ್ಕೆ ನೊಣ ಕೂತು ಮೊಟ್ಟೆಯಿಟ್ಟರೆ ಹುಳ ಆಗುತ್ತವೆ. ‘ಹುಳ ಬಿದ್ದು ಸಾಯಿ’ ಎಂಬುದು ನಮ್ಮಲ್ಲಿ ಶಾಪದ ಮಾತು. ಹಾಗಾಗಿ ಗಾಯದಲ್ಲಿ ಹುಳ ಕಂಡ ಮನೆಯವರು ಅದನ್ನು ಯಾವುದೋ ಪಾಪದ ಫಲವೆಂದುಕೊಂಡು ನಾಚಿ ಯಾರಿಗೂ ಹೇಳುವುದಿಲ್ಲ. ಅದಕ್ಕೆ ನೊಣವೊಂದೇ ಕಾರಣ. ಹಗಲಿನಲ್ಲಿಯೂ ಸೊಳ್ಳೆಪರದೆ ಕಟ್ಟಿ, ಗಾಯವನ್ನು ಮುಚ್ಚಿಡಿ. ಕಾಣಿಸಿದರೆ ನರ್ಸ್‌ಗೆ ಹೇಳಿ. ಟರ್ಪೆಂಟೈನ್ ಬಳಸಿ ಅವುಗಳನ್ನು ಹೊರಗೆ ಬರಿಸಿ ತೆಗೆಯುವುದು ಅವರಿಗೆ ಗೊತ್ತಿರುವ ಕೆಲಸ. ನೀವಾಗಿಯೇ ಟರ್ಪೆಂಟೈನ್ ಸುರಿಯಬೇಡಿ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಅಣ್ಣನವರ ದಾರಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ತಳ್ಳಿಹಾಕಿದರೆ ಅವರು ಉಳಿದದ್ದನ್ನು ಕೇಳುವುದಿಲ್ಲ. ಎರಡನೆಯ ಅಭಿಪ್ರಾಯ ಪಡೆಯುವುದು ತಪ್ಪಲ್ಲ. ಆದರೆ ತಾಯಿಯವರನ್ನು ಕರೆದೊಯ್ಯದೆ, ಕಾಗದಪತ್ರಗಳನ್ನು ಮಾತ್ರ ಒಯ್ದು ಕ್ಯಾನ್ಸರ್ ತಜ್ಞರೊಬ್ಬರನ್ನು ನೇರವಾಗಿ ಕೇಳಿ: ನೀವು ಹೇಳುವ ಚಿಕಿತ್ಸೆ ರೋಗವನ್ನು ಗುಣಪಡಿಸುತ್ತದೆಯೇ, ಅಥವಾ ಆಯುಷ್ಯವನ್ನು ಮುಂದೂಡುತ್ತದೆಯೇ? ಮುಂದೂಡುವುದಾದರೆ ವಾರಗಳೋ ತಿಂಗಳುಗಳೋ? ಆ ದಿನಗಳಲ್ಲಿ ಎಷ್ಟು ದಿನ ಆಸ್ಪತ್ರೆಯಲ್ಲಿ ಕಳೆಯಬೇಕು? ಉತ್ತರಗಳು ಸ್ಪಷ್ಟವಾದರೆ ತೋಟದ ಮಾತು ತಾನಾಗಿಯೇ ತೀರ್ಮಾನವಾಗುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮರುಕಳಿಸಿದವರಿಗೆ ಕಡಿಮೆ ವೆಚ್ಚದ, ಮನೆಯಲ್ಲಿಯೇ ಕೊಡಬಹುದಾದ ಮಾತ್ರೆಗಳ ಚಿಕಿತ್ಸೆಯೊಂದನ್ನು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಅಧ್ಯಯನ ಮಾಡಿ, ಅದು ರಕ್ತನಾಳದ ಮೂಲಕ ಕೊಡುವ ಕೀಮೋ ಔಷಧ ಸಿಸ್‌ಪ್ಲಾಟಿನ್‌ಗಿಂತ ಕಡಿಮೆಯಿಲ್ಲವೆಂದು ತೋರಿಸಿದ್ದಾರೆ. ಅದೂ ಗುಣಪಡಿಸುವುದಿಲ್ಲ. ಆದರೂ ತಾಯಿಯವರಿಗೆ ಹೊಂದುತ್ತದೆಯೇ ಎಂದು ಕೇಳುವುದರಲ್ಲಿ ನಷ್ಟವೇನಿಲ್ಲ. ತೋಟ ಮಾರದೆಯೂ ‘ಏನೋ ಮಾಡಿದೆವು’ ಎಂಬ ಸಮಾಧಾನ ಅಣ್ಣನವರಿಗೆ ದೊರೆತೀತು.

ನಾನು ಹೆದರುವುದು ಇನ್ನೊಂದು ಸಾಧ್ಯತೆಗೆ. ಒಂದು ರಾತ್ರಿ ತಾಯಿಯವರಿಗೆ ಉಸಿರು ಕಟ್ಟಿದಂತಾಗುತ್ತದೆ, ಎಲ್ಲರೂ ಗಾಬರಿಯಾಗಿ ಆಂಬುಲೆನ್ಸ್ ಕರೆಯುತ್ತಾರೆ, ಯಾವುದೋ ಆಸ್ಪತ್ರೆಯ ಐಸಿಯುವಿನಲ್ಲಿ ವೆಂಟಿಲೇಟರ್ ಹಾಕುತ್ತಾರೆ. ಹಾಕುವುದು ಐದು ನಿಮಿಷದ ಕೆಲಸ, ತೆಗೆಯುವುದು ಹಾಗಲ್ಲ. ಮಾರಣಾಂತಿಕ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರಗಳನ್ನು ಬೇಡವೆನ್ನುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿ, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಸರಳವಾಗಿದೆ ಎಂದರೂ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಅದಕ್ಕಿಂತ, ತಾಯಿಯವರಿಗೆ ಬುದ್ಧಿ ಸ್ಪಷ್ಟವಿರುವ ಈಗಲೇ ಅವರಿಗೇನು ಬೇಕೆಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಅವರು ಬಯಸಿದರೆ, ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನ ಪತ್ರವನ್ನು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಇದು ದಯಾಮರಣವಲ್ಲ ಎಂಬುದನ್ನು ಸೋದರಮಾವನವರಿಗೆ ಬಿಡಿಸಿ ಹೇಳಿ: ಔಷಧ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ, ಯಾವ ಹಾಸ್ಪೈಸೂ ಅದನ್ನು ಮಾಡುವುದಿಲ್ಲ.

ಮನೆಯಲ್ಲಿಯೇ ನೋಡಿಕೊಳ್ಳುವುದು ಎರಡನೆಯ ದಾರಿ. ತನ್ನ ಮಂಚ, ತನ್ನ ಅಂಗಳ, ಹಟ್ಟಿಯಲ್ಲಿ ಕೂಗುವ ಹಸು ಇವೆಲ್ಲ ರೋಗಿಗೆ ಯಾವ ಔಷಧವೂ ಕೊಡಲಾಗದ ನೆಮ್ಮದಿ ಕೊಡುತ್ತವೆ. ಆದರೆ ಇದರ ಅಪಾಯಗಳನ್ನು ಮುಚ್ಚಿಡಲಾರೆ. ಒಂದು, ನಡುರಾತ್ರಿ ನೋವು ಏರಿದರೆ ಕೇಳಲು ಯಾರೂ ಇಲ್ಲದಿರುವುದು. ಇನ್ನೊಂದು, ಕುತ್ತಿಗೆಯ ದೊಡ್ಡ ರಕ್ತನಾಳದವರೆಗೆ ಗಡ್ಡೆ ಹರಡಿದ್ದರೆ ಹಠಾತ್ತನೆ ಬಹಳ ರಕ್ತ ಹೋಗುವ ಸಾಧ್ಯತೆ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಹಾಗಾದಾಗ ಏನು ಮಾಡಬೇಕೆಂದು ಗೊತ್ತಿರಬೇಕು. ಕಡುಗೆಂಪು ಅಥವಾ ಕಡುನೀಲಿ ಬಣ್ಣದ ಕೆಲವು ದಪ್ಪ ಟವೆಲ್‌ಗಳನ್ನು ಮಂಚದ ಬಳಿ ಇಡಿ. ಬಿಳಿ ಬಟ್ಟೆಯಲ್ಲಿ ರಕ್ತ ಕಾಣುವ ರೀತಿಯೇ ರೋಗಿಯನ್ನೂ ಮನೆಯವರನ್ನೂ ಹೆದರಿಸುತ್ತದೆ. ಒತ್ತಿ ಹಿಡಿದು, ಪಕ್ಕಕ್ಕೆ ಮಲಗಿಸಿ, ಕೈ ಹಿಡಿದು ಪಕ್ಕದಲ್ಲಿಯೇ ಕೂರುವುದು ಆಗ ಮಾಡಬೇಕಾದ ಮುಖ್ಯ ಕೆಲಸ. ಮೂರನೆಯ ಅಪಾಯ ನೀವು ಕುಸಿಯುವುದು. ಪತ್ರದಲ್ಲಿ ‘ಕೊಡುತ್ತಿದ್ದೇವೆ’ ಎಂದು ಬರೆದಿದ್ದೀರಿ. ನನ್ನ ಅನುಭವದಲ್ಲಿ ಇಂಥ ಮನೆಗಳ ಆ ‘ನಾವು’ ಬಹುಪಾಲು ಒಬ್ಬಳೇ ಮಗಳು ಅಥವಾ ಸೊಸೆ ಆಗಿರುತ್ತಾಳೆ. ರಾತ್ರಿ ಪಾಳಿಯನ್ನು ಅಣ್ಣನವರು ವಹಿಸಿಕೊಳ್ಳಲಿ.

ಮೂರನೆಯದು ಹಾಸ್ಪೈಸ್. ನಿಮ್ಮ ಜಿಲ್ಲೆಯಿಂದ ತಲುಪಬಹುದಾದವುಗಳಲ್ಲಿ ಮೊದಲು ಹೇಳಬೇಕಾದದ್ದು ಬೆಂಗಳೂರಿನ ಕರುಣಾಶ್ರಯ. ಗುಣಪಡಿಸುವ ಚಿಕಿತ್ಸೆ ಮುಗಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಯಾವುದೇ ಶುಲ್ಕವಿಲ್ಲದೆ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯಲ್ಲಿ ನೋವು ನಿವಾರಣೆಯ ವಿಭಾಗವಿದೆ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿಯೂ ಉಪಶಮನ ಆರೈಕೆ ಇದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯುವ ಚಳವಳಿಯವರು ಮನೆಗೆ ಹೋಗಿ ಆರೈಕೆ ಮಾಡುತ್ತಾರೆ; ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಇವುಗಳಿಗೆಲ್ಲ ಮೊದಲು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಅಸಾಂಕ್ರಾಮಿಕ ರೋಗಗಳ ಘಟಕವನ್ನು ವಿಚಾರಿಸಿ. 2012ರಿಂದ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮವಿದ್ದು, ಅದರ ಕೆಲಸ ನಡೆಯಬೇಕಾದದ್ದು ಜಿಲ್ಲಾಸ್ಪತ್ರೆಗಳ ಮೂಲಕ. ಒಂದೊಂದು ಜಿಲ್ಲೆಯಲ್ಲಿ ಒಂದೊಂದು ರೀತಿ ಇದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಆರಂಭಿಸಿದ ಕೆಲಸ ಇಂದು ಕೇರಳದ ಪಂಚಾಯಿತಿ ಪಂಚಾಯಿತಿಗೂ ಹರಡಿದೆ, 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಘಟ್ಟದ ಈಚೆ ನಮಗೆ ಅಷ್ಟರ ಮಟ್ಟಿಗೆ ಸಾಧ್ಯವಾಗಿಲ್ಲ.

ಹಾಸ್ಪೈಸ್‌ಗೂ ಮಿತಿಗಳಿವೆ. ಹಾಸಿಗೆ ಖಾಲಿಯಿಲ್ಲದೆ ಕೆಲವು ದಿನ ಕಾಯಬೇಕಾಗಬಹುದು. ಊರಿನಿಂದ ದೂರ, ನೆಂಟರಿಷ್ಟರು ಬಂದು ಹೋಗುವುದು ಕಷ್ಟ. ಅಲ್ಲಿ ಐಸಿಯು ಇರುವುದಿಲ್ಲ, ಕೀಮೋ ಕೊಡುವುದಿಲ್ಲ. ಅದನ್ನು ಒಪ್ಪದೆ ಸೇರಿಸಿ, ಆಮೇಲೆ ‘ಏನೂ ಮಾಡುತ್ತಿಲ್ಲ’ ಎಂದು ಜಗಳವಾಡಿ ಕರೆದೊಯ್ದ ಮನೆಗಳನ್ನು ಕಂಡಿದ್ದೇನೆ. ಮತ್ತೆ, ಇತ್ತೀಚೆಗೆ ನಗರಗಳಲ್ಲಿ ಪ್ಯಾಲಿಯೇಟಿವ್ ಸೆಂಟರ್ ಎಂಬ ಫಲಕ ಹಾಕಿಕೊಂಡು ದಿನಕ್ಕಿಷ್ಟು ಎಂದು ಹಣ ಪಡೆಯುವ ಜಾಗಗಳೂ ಇವೆ. ಎಲ್ಲವೂ ಕೆಟ್ಟವಲ್ಲ. ಆದರೆ ಮುಂಗಡ ಕಟ್ಟುವ ಮೊದಲು ‘ನಿಮ್ಮಲ್ಲಿ ಮಾರ್ಫಿನ್ ಇದೆಯೇ, ರಾತ್ರಿ ಪಾಳಿಯಲ್ಲಿ ತರಬೇತಾದ ನರ್ಸ್ ಇರುತ್ತಾರೆಯೇ’ ಎಂದು ಕೇಳಿ. ಮಾರ್ಫಿನ್ ಇಲ್ಲವೆಂದರೆ, ಫಲಕದಲ್ಲಿ ಏನೇ ಬರೆದಿರಲಿ, ನಿಮ್ಮ ತಾಯಿಯವರಿಗೆ ಆ ಜಾಗ ಪ್ರಯೋಜನವಿಲ್ಲ.

ವಿಚಾರಿಸಲು ಹೋಗುವಾಗ ಬಯಾಪ್ಸಿ ವರದಿ, ಡಿಸ್‌ಚಾರ್ಜ್ ಸಮರಿ, ಇತ್ತೀಚಿನ ಸ್ಕ್ಯಾನ್, ಈಗ ಕೊಡುತ್ತಿರುವ ಔಷಧಗಳ ಚೀಟಿ, ತಾಯಿಯವರ ಆಧಾರ್ ಇವಿಷ್ಟು ಇರಲಿ. ಗುಣಪಡಿಸುವ ಚಿಕಿತ್ಸೆ ಮುಗಿದಿದೆ ಎಂದು ಬೆಂಗಳೂರಿನ ವೈದ್ಯರಿಂದ ಒಂದು ಪತ್ರ ಪಡೆದರೆ ಕೆಲಸ ಬೇಗ ಆಗುತ್ತದೆ. ರೋಗಿಯನ್ನು ಮೊದಲ ದಿನವೇ ಎಳೆದೊಯ್ಯಬೇಡಿ; ಫೋನಿನಲ್ಲಿ ಮಾತಾಡಿ, ಸಾಧ್ಯವಾದರೆ ಅಣ್ಣನವರನ್ನು ಒಮ್ಮೆ ಕಳುಹಿಸಿ ನೋಡಿಕೊಂಡು ಬರಲು ಹೇಳಿ. ನನ್ನ ಸಲಹೆ ಕೇಳುವಿರಾದರೆ, ಈಗ ಹತ್ತು ಹದಿನೈದು ದಿನಗಳ ಮಟ್ಟಿಗೆ ಹಾಸ್ಪೈಸ್‌ಗೆ ಸೇರಿಸಿ, ಮಾರ್ಫಿನ್ ಪ್ರಮಾಣ ಕೂಡಿಬಂದು ಗಾಯ ಹತೋಟಿಗೆ ಬಂದ ಮೇಲೆ ಮನೆಗೆ ಕರೆತನ್ನಿ. ಫೋನಿನ ಸಂಪರ್ಕ ಇಟ್ಟುಕೊಳ್ಳಿ. ಕಷ್ಟವಾದರೆ ಮತ್ತೆ ಒಯ್ಯಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಕೊನೆಯ ಎರಡು ದಿನಕ್ಕೆ ಕರೆತರುವವರಿಗೆ ಹಾಸ್ಪೈಸ್‌ನಿಂದ ಸಿಗುವುದು ಬಹಳ ಕಡಿಮೆ.

‘ಯಾವಾಗ ವಾಸಿಯಾಗುತ್ತೆ’ ಎಂಬ ಸ್ಲೇಟಿನ ಪ್ರಶ್ನೆಗೆ ಬರುತ್ತೇನೆ. ಎರಡು ವರ್ಷ ಆಪರೇಷನ್, ರೇಡಿಯೇಷನ್ ಅನುಭವಿಸಿ, ಕನ್ನಡಿಯಲ್ಲಿ ತನ್ನ ಮುಖವನ್ನು ದಿನವೂ ನೋಡುವ ಹೆಂಗಸಿಗೆ ಏನೂ ಗೊತ್ತಿಲ್ಲ ಎಂದು ನಂಬುವುದು ನನಗೆ ಕಷ್ಟ. ಬಹಳ ಸಲ ಇಂಥ ಪ್ರಶ್ನೆ ದಿನಾಂಕವನ್ನು ಕೇಳುವುದಿಲ್ಲ. ‘ನನ್ನ ಜೊತೆ ಯಾರಾದರೂ ನಿಜ ಮಾತಾಡುತ್ತಾರೆಯೇ’ ಎಂದು ಕೇಳುತ್ತದೆ. ಎಲ್ಲವನ್ನೂ ಒಮ್ಮೆಗೇ ಸುರಿಯಬೇಡಿ. ‘ನಿಂಗೆ ಏನನ್ಸುತ್ತಮ್ಮ?’ ಎಂದು ತಿರುಗಿ ಕೇಳಿ, ಸ್ಲೇಟನ್ನು ಅವರ ಕೈಗೆ ಕೊಟ್ಟು ಕಾಯಿರಿ. ಅವರು ಎಷ್ಟು ದೂರ ಹೋಗುತ್ತಾರೋ ಅಷ್ಟೇ ದೂರ ನೀವೂ ಹೋಗಿ. ‘ಗಡ್ಡೆ ಪೂರ್ತಿ ಹೋಗಲ್ಲ ಅಂತಾರೆ ಕಣಮ್ಮ, ನೋವು ಮಾತ್ರ ಇರದ ಹಾಗೆ ನೋಡ್ಕೋತೀವಿ’ ಎಂಬುದು ಸುಳ್ಳೂ ಅಲ್ಲ, ಕ್ರೂರವೂ ಅಲ್ಲ. ನಿಮ್ಮಿಂದಾಗದಿದ್ದರೆ ಹಾಸ್ಪೈಸ್‌ನ ವೈದ್ಯರು ಅಥವಾ ಆಪ್ತಸಮಾಲೋಚಕರು ನಿಮ್ಮ ಎದುರಿನಲ್ಲಿಯೇ ಆ ಮಾತನ್ನು ಎತ್ತಿಕೊಳ್ಳುತ್ತಾರೆ. ವಿಷಯ ತಿಳಿದ ಮೇಲೆ ರೋಗಿಗಳು ಅಳುವುದುಂಟು. ಆಮೇಲೆ ಯಾವ ಒಡವೆ ಯಾರಿಗೆ, ಯಾರಿಗೆ ಎಷ್ಟು ಕೈಸಾಲ ಕೊಡಬೇಕು ಎಂದು ಹೇಳಿ ಹಗುರಾಗುವುದನ್ನೂ ನೋಡಿದ್ದೇನೆ.

ಕೊನೆಯ ದಿನಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಗಂಜಿ ಬೇಡವೆನ್ನುವುದು, ದಿನದ ಹೆಚ್ಚು ಹೊತ್ತು ನಿದ್ದೆಯಲ್ಲಿರುವುದು, ಕೈಕಾಲು ತಣ್ಣಗಾಗುವುದು, ಉಸಿರು ನಡುನಡುವೆ ನಿಂತು ಮತ್ತೆ ಶುರುವಾಗುವುದು ದೇಹ ಮುಗಿಯುತ್ತಿರುವ ಗುರುತುಗಳು. ಆಗ ‘ಹಸಿದು ಸಾಯುತ್ತಾರೆ’ ಎಂದು ಹೆದರಿ ಗ್ಲೂಕೋಸ್ ಬಾಟಲಿ ಹಾಕಿಸುವುದು ನಮ್ಮಲ್ಲಿ ರೂಢಿ. ಊಟ ಬಿಟ್ಟಿದ್ದರಿಂದ ಸಾವು ಬರುತ್ತಿಲ್ಲ, ಸಾವು ಬರುತ್ತಿರುವುದರಿಂದ ಊಟ ಬಿಟ್ಟಿದ್ದಾರೆ. ಅಂಥ ದೇಹಕ್ಕೆ ಸೇರಿದ ನೀರು ಕಾಲಿನ ಬಾವಾಗಿ, ಎದೆಯ ಗೊರಗೊರ ಶಬ್ದವಾಗಿ ತೊಂದರೆಯನ್ನೇ ಹೆಚ್ಚಿಸುತ್ತದೆ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುತ್ತಿರಿ. ಮನೆಯಲ್ಲಿಯೇ ತೀರಿಕೊಂಡರೆ ಪೊಲೀಸರು, ಮರಣೋತ್ತರ ಪರೀಕ್ಷೆ ಎಂಬ ಹೆದರಿಕೆ ಬೇಡ. ಕಾಯಿಲೆಯಿಂದಾದ ನಿರೀಕ್ಷಿತ ಸಾವಿಗೆ ಅದು ಬೇಕಿಲ್ಲ. ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4ಎ ಪಡೆದು 21 ದಿನಗಳೊಳಗೆ ನೋಂದಾಯಿಸಿ. ಇದಕ್ಕಾಗಿಯೇ ಊರಿನ ವೈದ್ಯರೊಬ್ಬರಿಗೆ ಈಗಲೇ ತಾಯಿಯವರನ್ನು ತೋರಿಸಿಟ್ಟಿರಿ.

ಉಳಿದದ್ದು ಎಲೆ-ಅಡಿಕೆ. ಈ ಪ್ರಶ್ನೆಯನ್ನು ನೀವು ಸಂಕೋಚದಿಂದ ಕೇಳಿದ್ದೀರಿ ಎನಿಸಿತು. ಹೊಗೆಸೊಪ್ಪಷ್ಟೇ ಅಲ್ಲ, ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದು ನಿಜ. ನಿಮ್ಮ ಮನೆಯ ಬೇರೆಯವರು ಅದನ್ನು ಇಂದೇ ಬಿಡಲಿ. ಆದರೆ ತಾಯಿಯವರ ವಿಷಯದಲ್ಲಿ ಆ ಲೆಕ್ಕ ಮುಗಿದಿದೆ. ಈಗ ಯೋಚಿಸಬೇಕಾದದ್ದು ಸುಣ್ಣ ಗಾಯಕ್ಕೆ ಉರಿಯುತ್ತದೆ, ಅಡಿಕೆಯ ಚೂರು ಗಂಟಲಿಗೆ ಜಾರಿ ಶ್ವಾಸನಾಳಕ್ಕೆ ಹೋದೀತು ಎಂಬುದನ್ನು ಮಾತ್ರ. ಹಾಗಾಗಿ ಸುಣ್ಣ, ಹೊಗೆಸೊಪ್ಪು, ಅಡಿಕೆ ಯಾವುದೂ ಇಲ್ಲದೆ, ಎಳೆಯ ವೀಳ್ಯದೆಲೆಯನ್ನು ಜಜ್ಜಿ, ರಸವನ್ನು ಶುಭ್ರವಾದ ಬಟ್ಟೆಯ ತುದಿಗೆ ಹೀರಿಸಿ, ತಾಯಿಯವರನ್ನು ಒರಗಿಸಿ ಕೂರಿಸಿಕೊಂಡು, ಗಾಯವಿಲ್ಲದ ಬಲಗಡೆಯ ನಾಲಿಗೆಗೆ ಸವರಿ. ಉರಿದರೆ ನಿಲ್ಲಿಸಿ, ನೀರಿನಲ್ಲಿ ಒರೆಸಿ. ಉರಿಯದಿದ್ದರೆ ದಿನಕ್ಕೆ ಒಂದೆರಡು ಸಲ ಕೊಡಲು ಯಾರನ್ನೂ ಕೇಳಬೇಕಾಗಿಲ್ಲ.